ಡಬ್ಬಿಯ ಮೇಲಿನ ಅಂಕಿ ನಂಬದೆ ಗೇಮಿಂಗ್ ಮೌಸ್ ಪರೀಕ್ಷಿಸಿದ ನನ್ನ ಅನುಭವ

ಮಂಡ್ಯದಲ್ಲಿ ನಾನು ನಡೆಸುವ 14 ಕಂಪ್ಯೂಟರುಗಳ ಗೇಮಿಂಗ್ ಸೆಂಟರಿನಲ್ಲಿ ಕಳೆದ ಒಂದೂವರೆ ವರ್ಷದಿಂದ ಒಮ್ಮೆ ಒತ್ತಿದರೆ ಎರಡು ಸಲ ಒತ್ತಿದಂತಾಗುವ ಡಬಲ್ ಕ್ಲಿಕ್ ದೂರಿಗಾಗಿ ಒಂದು ಮೌಸನ್ನೂ ಗುಜರಿಗೆ ಹಾಕಿಲ್ಲ. ಅದಕ್ಕೂ ಮೊದಲು ವರ್ಷಕ್ಕೆ ಹೆಚ್ಚುಕಡಿಮೆ ಇಪ್ಪತ್ತೈದು ಮೌಸ್ ಬದಲಾಯಿಸುತ್ತಿದ್ದೆ; ಒಂದಕ್ಕೆ ಸರಾಸರಿ 1,500 ರೂಪಾಯಿ ಹಿಡಿದರೂ ಮೂವತ್ತೈದು ಸಾವಿರ ದಾಟುತ್ತಿತ್ತು. ಈಗ ಗುಂಡಿಯ ಕೆಳಗಿನ ಸ್ವಿಚ್ಚು, ಮೌಸ್ ಜಾರಲು ಅಂಟಿಸುವ ತಳದ ಪಟ್ಟಿ, ಬೆಸುಗೆಯ ಸಾಮಾನು ಎಲ್ಲ ಸೇರಿ ಏಳೆಂಟು ಸಾವಿರದೊಳಗೆ ವರ್ಷ ಮುಗಿಯುತ್ತದೆ. ಮೌಸುಗಳನ್ನು ಸಾಲಾಗಿ ಮೇಜಿನ ಮೇಲಿಟ್ಟು ಸ್ಕೇಲು, ಸಿ.ಡಿ., ತಕ್ಕಡಿ ಹಿಡಿದು ಕುಳಿತಾಗ ನನ್ನ ಭಾವಮೈದುನನೇ ಮೊದಲು ನಕ್ಕಿದ್ದು: "ಏನ್ ಭಾವ, ಇದೇನ್ ಚಿನ್ನವಾ ತೂಗಿ ತಕ್ಕೊಳ್ಳಕ್ಕೆ?" ಮೈಸೂರಿನ ಸರಸ್ವತಿಪುರಂ ಮತ್ತು ಕುವೆಂಪುನಗರದಲ್ಲಿ ಇದೇ ವ್ಯವಹಾರ ಮಾಡುವ ಸ್ನೇಹಿತರು ಅಷ್ಟು ನೇರವಾಗಿ ಹೇಳಲಿಲ್ಲ, ಆದರೆ ಸಾವಿರದೈನೂರರ ಮಾಲಿಗೆ ಇಷ್ಟು ಹೊತ್ತು ಕಳೆಯುವವನಿಗೆ ಬೇರೆ ಕೆಲಸವಿಲ್ಲವೆಂದು ಅವರ ಅಭಿಪ್ರಾಯವೂ ಇತ್ತು. ಅವರಲ್ಲಿ ಇಬ್ಬರು ಈಗ ಹೊಸ ಮಾಲು ತರಿಸುವ ಮೊದಲು ಒಂದನ್ನು ನನ್ನ ಮೇಜಿಗೆ ಕಳುಹಿಸುತ್ತಾರೆ ಎಂಬುದನ್ನು ಇಲ್ಲಿ ದಾಖಲಿಸುವುದರಲ್ಲಿ ನನಗೆ ಸಂಕೋಚವೇನೂ ಇಲ್ಲ.

ಸೆಂಟರು ನಡೆಸುವವರು ಸಾಮಾನ್ಯವಾಗಿ ಮೌಸ್ ಕೊಳ್ಳುವ ರೀತಿ ಎರಡು. ಒಂದು, ಡಿಪಿಐ (ಮೌಸ್ ಒಂದು ಇಂಚು ಸರಿದರೆ ಕಳುಹಿಸುವ ಎಣಿಕೆ) ಹೆಚ್ಚಿರುವುದನ್ನು ಕೊಳ್ಳುವುದು. ಎರಡು, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹತ್ತು ಹದಿನೈದು ಒಟ್ಟಿಗೆ ಕೊಂಡರೆ ಎಷ್ಟು ಇಳಿಸುತ್ತಾರೆಂದು ನೋಡಿ ಕೊಳ್ಳುವುದು. ಎರಡನೆಯದರಲ್ಲಿ ತಂದ ಮೌಸುಗಳು ನೋಡಲು ಬಣ್ಣಬಣ್ಣದ ದೀಪಗಳೊಂದಿಗೆ ಚೆನ್ನಾಗಿಯೇ ಇದ್ದವು, ತಲಾ ನಾನೂರು ರೂಪಾಯಿಯೂ ಬೀಳಲಿಲ್ಲ. ಆದರೆ ಕೌಂಟರ್ ಸ್ಟ್ರೈಕ್ ಎಂಬ ಗುಂಡು ಹಾರಿಸುವ ಆಟ ಆಡುವ ಹುಡುಗರು ಗಟ್ಟಿಯಾಗಿ ಕೈ ಬೀಸಿದ ಕೂಡಲೇ ಆಟದ ನೋಟ ನೆಲಕ್ಕೋ ಆಕಾಶಕ್ಕೋ ತಿರುಗಿ ನಿಲ್ಲುತ್ತಿತ್ತು. ಸೆಕೆಂಡಿಗೆ 60 ಇಂಚಿನವರೆಗೆ ಮಾತ್ರ ಚಲನೆಯ ಜಾಡು ಹಿಡಿಯುವ ಸೆನ್ಸರು (ಮೌಸಿನ ತಳದ ಕಣ್ಣು) ಎಂದರೆ ಸೆಕೆಂಡಿಗೆ ಸುಮಾರು ಒಂದೂವರೆ ಮೀಟರು. ಕಡಿಮೆ ಸೆನ್ಸಿಟಿವಿಟಿಯಲ್ಲಿ, ಅಂದರೆ ಕೈ ಹೆಚ್ಚು ಸರಿದರೂ ನೋಟ ಸ್ವಲ್ಪವೇ ತಿರುಗುವಂತೆ ಇಟ್ಟುಕೊಂಡು, ತೋಳು ಬೀಸಿ ಆಡುವವನು ಅದನ್ನು ಸಲೀಸಾಗಿ ಮೀರುತ್ತಾನೆ. ಆ ಇಡೀ ಗಂಟು ಕೊನೆಗೆ ಪಕ್ಕದ ಝೆರಾಕ್ಸ್ ಅಂಗಡಿಗೂ ಎರಡು ಟ್ಯೂಷನ್ ಕೇಂದ್ರಗಳಿಗೂ ಅರ್ಧ ಬೆಲೆಗೆ ಹೋಯಿತು.

ಮೊದಲನೆಯ ರೀತಿಯಲ್ಲಿ ಹಣ ಹೋಗುವುದು ಇನ್ನೂ ಹೆಚ್ಚು. ಪಿಕ್ಸ್‌ಆರ್ಟ್ ಸಂಸ್ಥೆಯ 3360 ಸೆನ್ಸರಿನ ಮಿತಿ 12,000 ಡಿಪಿಐ, ಸೆಕೆಂಡಿಗೆ 250 ಇಂಚು. ಅನಂತರ ಬಂದ 3395ರದು 26,000 ಡಿಪಿಐ, 650 ಇಂಚು. ಡಬ್ಬಿಯ ಮೇಲೆ ಎರಡನೆಯದು ದುಪ್ಪಟ್ಟಿಗಿಂತ ಉತ್ತಮವೆಂದು ಕಾಣುತ್ತದೆ. 26,000 ಡಿಪಿಐಯಲ್ಲಿ 1,920 ಪಿಕ್ಸೆಲ್ ಅಗಲದ ಪರದೆಯನ್ನು ದಾಟಲು ಮೌಸ್ ಸರಿಯಬೇಕಾದದ್ದು ಎರಡು ಮಿಲಿಮೀಟರಿಗಿಂತ ಕಡಿಮೆ. ನನ್ನ ಸೆಂಟರಿನಲ್ಲಿ ಗಂಭೀರವಾಗಿ ಆಡುವವರೆಲ್ಲರೂ 400ರಿಂದ 1,600ರ ನಡುವೆ ಇದ್ದಾರೆ, ಬಹುಪಾಲು 800ರಲ್ಲಿ. ಸೆಕೆಂಡಿಗೆ 250 ಇಂಚು ಎಂದರೇ ಆರು ಮೀಟರಿಗಿಂತ ಹೆಚ್ಚು; ಅಷ್ಟು ವೇಗದಲ್ಲಿ ಕೈ ಬೀಸಿದರೆ ಮೌಸ್ ಪಕ್ಕದವನ ಮಾನಿಟರಿಗೆ ತಾಗುತ್ತದೆ. ಹೀಗಾಗಿ 3360ರ ಮಟ್ಟದ ಸೆನ್ಸರ್ ಇದ್ದರೆ ಅಲ್ಲಿಗೆ ಸೆನ್ಸರಿನ ವಿಚಾರವನ್ನು ಮುಗಿಸಿ, ಉಳಿದ ಹಣವನ್ನೂ ಸಮಯವನ್ನೂ ಆಕಾರ ಮತ್ತು ಸ್ವಿಚ್ಚಿನ ಕಡೆಗೆ ತಿರುಗಿಸಬೇಕೆಂಬುದು ನನ್ನ ಪದ್ಧತಿಯ ತಿರುಳು.

ಆಕಾರದ ಪರೀಕ್ಷೆ ನಾನು ಮಾಡುವುದು ಹೀಗೆ. ಹೊಸದಾಗಿ ತಂದ ಮೌಸಿನ ಮೇಲಿರುವ ಕಂಪನಿಯ ಗುರುತನ್ನು ಕಪ್ಪು ಇನ್ಸುಲೇಷನ್ ಟೇಪಿನಿಂದ ಮುಚ್ಚಿ, ದೀಪಗಳನ್ನು ಆರಿಸಿ, ಅಂಗೈಯ ಅಳತೆ ಬೇರೆಬೇರೆಯಿರುವ ಮೂವರು ಹುಡುಗರಿಗೆ ಸರದಿಯ ಮೇಲೆ ಕೊಡುತ್ತೇನೆ. ಮಣಿಕಟ್ಟಿನ ಗೆರೆಯಿಂದ ನಡುಬೆರಳಿನ ತುದಿಯವರೆಗೆ ಒಬ್ಬನದು 17 ಸೆಂಟಿಮೀಟರಿನ ಆಸುಪಾಸು, ಇನ್ನೊಬ್ಬನದು ಹದಿನೆಂಟೂವರೆ, ಮೂರನೆಯವನದು 20. ಇವರಲ್ಲಿ ಒಬ್ಬ ಅಂಗೈಯನ್ನು ಪೂರ್ತಿ ಊರಿ ಹಿಡಿಯುತ್ತಾನೆ, ಒಬ್ಬ ಬೆರಳು ಮಡಚಿ ಹಿಡಿಯುತ್ತಾನೆ, ಒಬ್ಬ ಬೆರಳ ತುದಿಯಲ್ಲಷ್ಟೇ ಹಿಡಿಯುತ್ತಾನೆ. ಒಂದು ವಾರ ಆಡಿದ ಮೇಲೆ ಚೆನ್ನಾಗಿದೆಯೋ ಇಲ್ಲವೋ ಎಂದು ನಾನು ಕೇಳುವುದಿಲ್ಲ, ಏಕೆಂದರೆ ಪುಕ್ಕಟೆ ಆಟ ಸಿಗುವಾಗ ಎಲ್ಲವೂ ಚೆನ್ನಾಗಿಯೇ ಇರುತ್ತದೆ. ಎರಡು ಗಂಟೆ ಆಡಿದ ನಂತರ ಎಲ್ಲಿ ನೋಯುತ್ತದೆ, ಕಿರುಬೆರಳು ಮ್ಯಾಟಿಗೆ ಉಜ್ಜುತ್ತದೆಯೇ, ಪಕ್ಕದ ಗುಂಡಿಗೆ ಹೆಬ್ಬೆರಳು ತನ್ನಷ್ಟಕ್ಕೇ ತಾಗುತ್ತದೆಯೇ, ಇವಿಷ್ಟೇ ಪ್ರಶ್ನೆಗಳು. ನಾಲ್ಕನೆಯ ಪ್ರಶ್ನೆಯೊಂದಿದೆ. ಹುಡುಗರು ಆ ಮೌಸನ್ನು ನಿಜಕ್ಕೂ ಇಷ್ಟಪಟ್ಟಿದ್ದಾರೆಯೇ ಎಂದು ಅದರಿಂದಲೇ ತಿಳಿಯುತ್ತದೆ, ಆದರೆ ಇಲ್ಲಿ ಬರೆದರೆ ನನ್ನ ಹುಡುಗರು ಓದಿ ಉತ್ತರವನ್ನು ಮೊದಲೇ ಸಿದ್ಧ ಮಾಡಿಕೊಂಡು ಬರುತ್ತಾರೆ. ಆದ್ದರಿಂದ ಅದು ನನ್ನಲ್ಲೇ ಇರಲಿ.

ಗುರುತು ಮುಚ್ಚಿದ್ದರಿಂದ ಆದ ಲಾಭವನ್ನು ಹೇಳಲೇಬೇಕು. ಐದು ಸಾವಿರ ದಾಟಿದ ಒಂದು ಮೌಸು ಟೇಪು ಹಚ್ಚಿದ ಮೇಲೆ ಮೂವರಲ್ಲಿ ಇಬ್ಬರಿಂದ ತಿರಸ್ಕೃತವಾಯಿತು. ಅದರ ಬೆನ್ನು ಎತ್ತರವಾಗಿದ್ದು, ಬೆರಳು ಮಡಚಿ ಹಿಡಿಯುವವನ ಅಂಗೈಗೆ ಒತ್ತುತ್ತಿತ್ತು. ಅದೇ ವಾರ 1,600ರ ಆಸುಪಾಸಿನ, ಎರಡೂ ಬದಿ ಒಂದೇ ರೀತಿ ಇರುವ ತಗ್ಗು ಬೆನ್ನಿನ ಮೌಸನ್ನು ಮೂವರೂ ಒಪ್ಪಿದರು. ಟೇಪು ತೆಗೆದು ತೋರಿಸಿದಾಗ, ದುಬಾರಿ ಮೌಸನ್ನು ಬೇಡವೆಂದವನೇ ತನಗೆ ಇನ್ನೊಂದು ವಾರ ಅವಕಾಶ ಕೊಟ್ಟಿದ್ದರೆ ಹೊಂದಿಕೊಳ್ಳುತ್ತಿದ್ದೆ ಎಂದು ವಾದಿಸಿದ.

ಅಳತೆಯ ವಿಚಾರಕ್ಕೆ ಬಂದರೆ, ತೂಕವನ್ನು ಪೇಟೆ ಬೀದಿಯ ಪರಿಚಿತ ಅಕ್ಕಸಾಲಿಗರ ತಕ್ಕಡಿಯಲ್ಲಿ ನೋಡುತ್ತೇನೆ. ಕಂಪನಿಗಳು ಸಾಮಾನ್ಯವಾಗಿ ತಂತಿಯನ್ನು ಬಿಟ್ಟು ತೂಕ ಹೇಳುತ್ತವೆಯಾದ್ದರಿಂದ ತಂತಿಯನ್ನು ಕೈಯಲ್ಲಿ ಎತ್ತಿ ಹಿಡಿದೇ ತೂಗಬೇಕು. 60ರಿಂದ 85 ಗ್ರಾಂ ಒಳಗಿದ್ದರೆ ನನ್ನ ಗಿರಾಕಿಗಳು ಚಕಾರವೆತ್ತುವುದಿಲ್ಲ. ನೂರು ದಾಟಿದರೆ ಸಂಜೆಯ ಹೊತ್ತಿಗೆ ಮಣಿಕಟ್ಟು ತಿರುವಲು ಆರಂಭಿಸುತ್ತಾರೆ. ಹೊರಮೈಯಲ್ಲಿ ಜೇನುಗೂಡಿನಂತೆ ತೂತು ಮಾಡಿ ತೂಕ ಇಳಿಸಿದ ಮೌಸುಗಳು ಮನೆಗೆ ಸರಿ. ಚುರುಮುರಿ ತಿಂದ ಕೈಯಲ್ಲೇ ಆಡುವ ಸೆಂಟರಿಗೆ ತರವಲ್ಲ.

ಡಿಪಿಐ ಡಬ್ಬಿಯಲ್ಲಿ ಹೇಳಿದಷ್ಟೇ ಇದೆಯೇ ಎಂದು ನೋಡುವವರು ಕಡಿಮೆ. ಸೆಂಟರಿಗೆ ಇದು ಮನೆಯಲ್ಲಿ ಆಡುವವರಿಗಿಂತ ಹೆಚ್ಚು ಮುಖ್ಯ, ಏಕೆಂದರೆ ನಿನ್ನೆ ಮೂರನೆಯ ಸಿಸ್ಟಮ್ಮಿನಲ್ಲಿ ಆಡಿದವನು ಇಂದು ಏಳನೆಯದರಲ್ಲಿ ಕುಳಿತಿರುತ್ತಾನೆ. ಮ್ಯಾಟಿಗೆ ಒಂದು ಉಕ್ಕಿನ ಅಡಿಪಟ್ಟಿಯನ್ನು ಅಂಟಿಸಿ, ಅದರ ಅಂಚಿಗೆ ಮೌಸನ್ನು ತಾಗಿಸಿ ಸರಿಯಾಗಿ 10 ಇಂಚು ತಳ್ಳಿ, ಮೌಸ್‌ಟೆಸ್ಟರ್ ಎಂಬ ಉಚಿತ ತಂತ್ರಾಂಶದಲ್ಲಿ ಎಣಿಕೆ ನೋಡುತ್ತೇನೆ. 800ಕ್ಕೆ ಇಟ್ಟಿದ್ದರೆ 8,000 ಬರಬೇಕು. ನನ್ನ ನೆನಪಿನಂತೆ ಸರಿಯಾಗಿ ಬಂದದ್ದು ಕೆಲವು ಮಾತ್ರ. ಹಲವು 8,200ರ ಸುತ್ತ ನಿಂತವು, ಒಂದು ಜಾತಿಯ ಮೌಸು ಪ್ರತಿ ಸಲವೂ 8,400ರ ಹತ್ತಿರ ಹೋಯಿತು. ಶೇಕಡಾ 5ರ ವ್ಯತ್ಯಾಸ ದೊಡ್ಡದೇ ಎಂದು ಕೇಳುವವರಿಗೆ ಒಂದು ಲೆಕ್ಕ: ಕೌಂಟರ್ ಸ್ಟ್ರೈಕಿನಲ್ಲಿ 800 ಡಿಪಿಐ, ಸೆನ್ಸಿಟಿವಿಟಿ 1 ಇದ್ದರೆ ಒಂದು ಪೂರ್ಣ ಸುತ್ತು ತಿರುಗಲು ಸುಮಾರು 52 ಸೆಂಟಿಮೀಟರು ಸರಿಯಬೇಕು, ಈ ಮೌಸಿನಲ್ಲಿ ಅದು 50ಕ್ಕೂ ಕೆಳಗಿಳಿಯುತ್ತದೆ. ಅಭ್ಯಾಸವಾದ ಕೈ ಗುರಿಯನ್ನು ದಾಟಿ ಹೋಗಿ, ಹುಡುಗ ಸಿಸ್ಟಮ್ ಸರಿಯಿಲ್ಲವೆಂದು ಬೈಯುತ್ತಾನೆ. ಡಿಪಿಐಯನ್ನು 50ರ ಮೆಟ್ಟಿಲಿನಲ್ಲಿ ಬದಲಿಸಲು ಬಿಡುವ ಮೌಸಾದರೆ 750ಕ್ಕೆ ಇಳಿಸಿದರೆ ಹತ್ತಿರ ಹತ್ತಿರ 790ಕ್ಕೆ ಬರುತ್ತದೆ, ಅಷ್ಟು ಸಾಕು. ನನ್ನ 14 ಸಿಸ್ಟಮ್ಮುಗಳೂ ಈಗ ಶೇಕಡಾ 2ರ ಒಳಗೆ ಒಂದಕ್ಕೊಂದು ಹೊಂದುತ್ತವೆ, ಮತ್ತು ಇಲ್ಲಿಂದ ಮೈಸೂರಿನವರೆಗೆ ಇಂಥ ಇನ್ನೊಂದು ಸೆಂಟರನ್ನು ನಾನು ಕಂಡಿಲ್ಲ.

ಎತ್ತಿದಾಗ ಸೆನ್ಸರು ಎಷ್ಟು ಎತ್ತರದವರೆಗೆ ಓದುತ್ತದೆ ಎಂಬುದಕ್ಕೆ ಹಳೆಯ ಸಿ.ಡಿ.ಗಳೇ ಸಾಕು. ಒಂದು ಸಿ.ಡಿ. 1.2 ಮಿಲಿಮೀಟರು ದಪ್ಪ. ತಳದ ಪಟ್ಟಿಗಳ ಕೆಳಗೆ ಸಿ.ಡಿ. ಇಟ್ಟು, ಸೆನ್ಸರಿನ ಕಣ್ಣು ಸಿ.ಡಿ.ಯ ನಡುವಿನ ತೂತಿನ ಮೇಲೆ ಬರುವಂತೆ ಮಾಡಿ ಅಲುಗಾಡಿಸಿದರೆ ಆಯಿತು. ಒಂದರ ಮೇಲೆ ಬಾಣ ಚಲಿಸಿ ಎರಡರ ಮೇಲೆ ನಿಂತರೆ ಒಪ್ಪಿಗೆ. ಎರಡರ ಮೇಲೂ ಓಡುವ ಮೌಸನ್ನು, ಆಗಾಗ ಮೌಸ್ ಎತ್ತಿಡುತ್ತ ತೋಳು ಬೀಸಿ ಆಡುವವರ ಸಿಸ್ಟಮ್ಮಿಗೆ ಹಾಕುವುದಿಲ್ಲ.

ಇಷ್ಟೆಲ್ಲ ದಾಟಿದ ಮೌಸೂ ಕೊನೆಗೆ ಸಾಯುವುದು ಎಡಗುಂಡಿಯಲ್ಲಿ. "ಅಣ್ಣಾ, ಒಂದ್ಸಲ ಒತ್ತುದ್ರೆ ಎರಡ್ ಗುಂಡು ಹೋಯ್ತದೆ" ಎಂಬ ದೂರು ಜೂನ್ ಕಳೆದು ತೇವ ಹಿಡಿದ ಕೂಡಲೇ ಶುರುವಾಗುತ್ತಿತ್ತು. ಎರಡು ಕೋಟಿ ಕ್ಲಿಕ್, ಐದು ಕೋಟಿ ಕ್ಲಿಕ್ ಎಂದು ಡಬ್ಬಿಯಲ್ಲಿರುವ ಭರವಸೆ ಯಂತ್ರ ಒತ್ತುವ ಲೆಕ್ಕ. ಕೆಟ್ಟ ಸ್ವಿಚ್ಚೊಂದರ ಮುಚ್ಚಳವನ್ನು ಬ್ಲೇಡಿನ ತುದಿಯಿಂದ ಎಬ್ಬಿಸಿ, ವಾಚ್ ರಿಪೇರಿಯವರ ಭೂತಗನ್ನಡಿಯಲ್ಲಿ ನೋಡಿದರೆ ಕಾರಣ ಕಣ್ಣಿಗೇ ಕಾಣುತ್ತದೆ: ಉಗುರಿನ ಅಗಲಕ್ಕಿಂತ ಉದ್ದವಿಲ್ಲದ ತಾಮ್ರದ ಎಲೆ, ಅದರ ನಡುವೆ ಬಿಲ್ಲಿನಂತೆ ಬಾಗಿದ ನಾಲಿಗೆ, ತುದಿಯ ಬೆಳ್ಳಿಯ ಚುಕ್ಕೆಯ ಮೇಲೆ ಕಂದು ಬಣ್ಣದ ಮಸಿ. ಈ ಸ್ವಿಚ್ಚಿನ ಮೂಲಕ ಹರಿಯುವ ವಿದ್ಯುತ್ತು ತೀರಾ ಅಲ್ಪವಾದ್ದರಿಂದ ಆ ಪೊರೆ ತಾನಾಗಿ ಸುಟ್ಟುಹೋಗುವುದಿಲ್ಲ. ನಾಲಿಗೆಯ ಬಿಗಿಯೂ ಸಡಿಲಾದ ಮೇಲೆ ಒಂದು ಒತ್ತುವಿಕೆಯಲ್ಲಿ ಸಂಪರ್ಕ ಬಿಟ್ಟು ಮತ್ತೆ ಹಿಡಿಯುತ್ತದೆ.

ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದರೆ ಒಂದೆರಡು ವಾರ ಸುಮ್ಮನಿರುತ್ತದೆ, ಮತ್ತೆ ಅದೇ ರಾಗ. ಸ್ಪ್ರೇ ಡಬ್ಬಿಗಳಿಗೇ ಎರಡು ಸಾವಿರ ಹೋಯಿತು. ನಾಲಿಗೆಯನ್ನು ಸೂಜಿಯಿಂದ ಮತ್ತೆ ಬಾಗಿಸಿದರೆ ತಿಂಗಳೆರಡು ತಿಂಗಳು ಬರುತ್ತದೆ, ಆದರೆ ಕ್ಲಿಕ್ಕಿನ ಗಟ್ಟಿತನ ಎಡಕ್ಕೊಂದು ಬಲಕ್ಕೊಂದು ಆಗುತ್ತದೆ. ತಂತ್ರಾಂಶದಲ್ಲಿ ಡಿಬೌನ್ಸ್ ಸಮಯವನ್ನು (ಸಂಪರ್ಕ ಪುಟಿಯುವುದನ್ನು ಲೆಕ್ಕಕ್ಕೆ ಹಿಡಿಯದೆ ಮೌಸು ಕಾಯುವ ಅವಧಿ) 4ರಿಂದ 12 ಮಿಲಿಸೆಕೆಂಡಿಗೆ ಏರಿಸಿದರೆ ರೋಗ ಅಡಗುತ್ತದೆ, ಆದರೆ ಪ್ರತಿಯೊಂದು ಕ್ಲಿಕ್ಕಿಗೂ ಆ ತಡ ಸೇರುವ ಸಾಧ್ಯತೆಯಿರುವುದರಿಂದ, ಒಂದೊಂದು ಮಿಲಿಸೆಕೆಂಡಿಗೂ ಕಂಪ್ಯೂಟರಿಗೆ ವರದಿ ಕೊಡುವ ಪೋಲಿಂಗ್‌ಗೆಂದು ಹಣ ಕೊಟ್ಟವರು ಹೀಗೆ ಮಾಡುವುದು ನೀರಿನಲ್ಲಿ ಹೋಮ. ವಾರಂಟಿಗೆ ಕಳುಹಿಸಿದ ಮೌಸುಗಳ ಕಥೆ ಬೇರೆ: ಒಂದು ಕಂಪನಿಯ ಸೇವಾ ಕೇಂದ್ರದವರು ವಾಣಿಜ್ಯ ಬಳಕೆ ಎಂದು ಹೇಳಿ ಹಾಗೆಯೇ ವಾಪಸು ಕಳುಹಿಸಿದರು, ಕೊರಿಯರ್ ಖರ್ಚು ನನ್ನ ತಲೆಯ ಮೇಲೆ.

ಆದ್ದರಿಂದ ಮೌಸನ್ನು ಆರಿಸುವಾಗಲೇ ಬಿಚ್ಚಿ ನೋಡುವುದನ್ನು ಪದ್ಧತಿ ಮಾಡಿಕೊಂಡೆ. ಮೂರು ಕಾಲಿನ ಸಾಮಾನ್ಯ ಅಳತೆಯ ಸ್ವಿಚ್ ಇದೆಯೇ, ಸ್ಕ್ರೂಗಳು ತಳದ ಪಟ್ಟಿಯ ಕೆಳಗೆಷ್ಟು ಅಡಗಿವೆ, ಒಳಗಿನ ರಿಬ್ಬನ್ ತಂತಿ ಬಿಚ್ಚುವಾಗ ಹರಿಯುವಷ್ಟು ಚಿಕ್ಕದೇ, ಚಕ್ರದ ಸುತ್ತು ಎಣಿಸುವ ಎನ್‌ಕೋಡರಿನ ಎತ್ತರ 9 ಮಿಲಿಮೀಟರೋ 11ರದೋ, ಇವು ನನಗೆ ಸೆನ್ಸರಿನ ಹೆಸರಿನಷ್ಟೇ ಮುಖ್ಯ. ಹೊಸ ಸ್ವಿಚ್ಚಾಗಿ ಮೂರು ಬಗೆ ಪ್ರಯತ್ನಿಸಿದೆ. ಓಮ್ರಾನ್ ಡಿ2ಎಫ್-01ಎಫ್ ಅಲ್ಪ ವಿದ್ಯುತ್ತಿಗೆಂದೇ ಚಿನ್ನದ ಮಿಶ್ರಲೋಹದ ಸಂಪರ್ಕವಿರುವ ಸ್ವಿಚ್ಚು. ಒತ್ತಲು ಮೃದು, ಸದ್ದು ಕಡಿಮೆ, ಆದರೆ ಗಟ್ಟಿ ಕ್ಲಿಕ್ಕಿಗೆ ಒಗ್ಗಿದ ಹುಡುಗರಿಗೆ ಸಪ್ಪೆ. ಕೈಲ್ ಜಿಎಂ 8.0 ಕಂಪನಿಯ ಮಾತಿನಂತೆ ಎಂಟು ಕೋಟಿ ಕ್ಲಿಕ್ಕಿನದು. ಗಟ್ಟಿ, ಚುರುಕು, ಸದ್ದು ಹೆಚ್ಚು, ಮತ್ತು ಶೂಟಿಂಗ್ ಆಟದವರಿಗೆ ಪ್ರಾಣ. ಹುವಾನೋ ಸ್ವಿಚ್ಚುಗಳನ್ನು ಪಕ್ಕದ ಗುಂಡಿಗಳಿಗೆ ಮೀಸಲಿಟ್ಟಿದ್ದೇನೆ. ತಲಾ ನೂರು ರೂಪಾಯಿಯ ಆಸುಪಾಸು, ಜೊತೆಗೆ ಅರ್ಧ ಗಂಟೆಯ ಕೆಲಸ. ಕಾರ್ಖಾನೆಯ ಸೀಸರಹಿತ ಬೆಸುಗೆ ಕರಗಲು 217 ಡಿಗ್ರಿಗೂ ಮೇಲೆ ಬೇಕು. ಅದರ ಮೇಲೆ ಸ್ವಲ್ಪ 63/37 ತವರ-ಸೀಸದ ಬೆಸುಗೆ ಬೆರೆಸಿದರೆ ಬೇಗ ಕರಗಿ, ಪಂಪಿನಿಂದ ಎಳೆಯುವಾಗ ಬೋರ್ಡಿನ ತಾಮ್ರದ ಉಂಗುರ ಕಿತ್ತುಬರುವುದಿಲ್ಲ. ಎಡ ಮತ್ತು ಬಲಕ್ಕೆ ಒಂದೇ ಬಿಗಿಯ ಸ್ವಿಚ್ಚುಗಳನ್ನು ಗಂಟಿನಿಂದ ಆರಿಸುವ ಒಂದು ಉಪಾಯವಿದೆ. ಸ್ವಿಚ್ ಕೊಳ್ಳುವ ಅಂಗಡಿಯ ಹೆಸರಿನಂತೆಯೇ ಅದನ್ನೂ ಕೇಳಬೇಡಿ; ಮೈಸೂರಿನವರು ನನಗೆ ಮೌಸಿಗೆ ಇನ್ನೂರೈವತ್ತು ಕೊಡುವುದು ಅದಕ್ಕಾಗಿಯೇ.

ಸ್ವಿಚ್ಚಿನ ಕೆಲಸ ಕೈಗೆ ಹತ್ತಿದ ಮೇಲೆ ಅಡ್ಡದಾರಿಯ ಪ್ರಯೋಗಗಳೂ ನಡೆದವು. ತಂತಿಯ ಬಿಗಿಯಾದ ಹೊದಿಕೆಯನ್ನು ತೆಗೆದು ಶೂ ಲೇಸಿನೊಳಗೆ ತೂರಿಸಿದ ತಂತಿ ಹಗುರವಾಗಿ ಎಳೆಯುತ್ತಿತ್ತು, ಆದರೆ ಕುರ್ಚಿಯ ಚಕ್ರದ ಕೆಳಗೆ ಒಂದೇ ತಿಂಗಳು ಬಾಳಿತು. ಮ್ಯಾಟಿನ ಬದಲು ದರ್ಜಿಯಿಂದ ಹೊಲಿಸಿದ ಬಟ್ಟೆ ಹಾಸಿ ನೋಡಿದೆ. ಜಾರುವುದೇನೋ ಚೆನ್ನಾಗಿತ್ತು, ಬೇಸಿಗೆಯ ಬೆವರಿಗೆ ಮೊಣಕೈ ಬಳಿ ಸುಕ್ಕುಗಟ್ಟಿ ಎದ್ದಿತು.

ತಂತಿಯಿಲ್ಲದ ಮೌಸಿನ ಪ್ರಯೋಗ ಹೆಚ್ಚು ಕಲಿಸಿತು. ಲಾಜಿಟೆಕ್ ಜಿ304 ಒಂದು ಎಎ ಸೆಲ್ಲಿನೊಂದಿಗೆ 99 ಗ್ರಾಂ ತೂಗುತ್ತದೆ. ಎಎಎ ಸೆಲ್ಲನ್ನು ಅಡಾಪ್ಟರಿನಲ್ಲಿ ಕೂರಿಸಿದರೆ ವೋಲ್ಟೇಜು ಅದೇ ಇದ್ದು ತೂಕ ಹತ್ತು ಗ್ರಾಮಿನಷ್ಟು ಇಳಿಯುತ್ತದೆ, ಸೆಲ್ಲು ಮಾತ್ರ ಅರ್ಧಕ್ಕಿಂತ ಬೇಗ ಮುಗಿಯುತ್ತದೆ. ಇದಕ್ಕಿಂತ ತಲೆ ತಿಂದದ್ದು ಬಾಣ ಆಗಾಗ ಮುಗ್ಗರಿಸುವ ತೊಂದರೆ. ಮೌಸು ಬದಲಿಸಿದರೂ ಹೋಗಲಿಲ್ಲ. ಯುಎಸ್‌ಬಿ 3.0 ಪೋರ್ಟು ಮತ್ತು ಅದರ ತಂತಿ ಈ ಮೌಸು ಬಳಸುವ 2.4 ಗಿಗಾಹರ್ಟ್ಸ್ ರೇಡಿಯೋ ಪಟ್ಟಿಯಲ್ಲಿ ಗದ್ದಲ ಸೂಸುತ್ತವೆ. ಮೌಸಿನ ಸಂಕೇತ ಹಿಡಿಯುವ ರಿಸೀವರನ್ನು ಕ್ಯಾಬಿನೆಟ್ಟಿನ ಹಿಂದೆ, ಹಾರ್ಡ್ ಡಿಸ್ಕಿನ ಪಕ್ಕದ ನೀಲಿ ಪೋರ್ಟಿಗೆ ಚುಚ್ಚಿದರೆ ಆಗುವುದು ಇದೇ. ಎಕ್ಸ್‌ಟೆನ್ಷನ್ ತಂತಿಯಲ್ಲಿ ರಿಸೀವರನ್ನು ಮ್ಯಾಟಿನ ಅಂಚಿಗೆ ತಂದ ಮೇಲೆ ಮುಗ್ಗರಿಸುವಿಕೆ ನಿಂತಿತು. ಆಮೇಲೆ ರಿಸೀವರುಗಳು ಒಂದೊಂದಾಗಿ ಯಾರದೋ ಜೇಬಿನಲ್ಲಿ ಹೊರಟವು. ಹೀಗೆ ನಾಲ್ಕೈದು ಸಾವಿರದ ಪ್ರಯೋಗ ಮುಕ್ತಾಯವಾಯಿತು. ಮನೆಯಲ್ಲಿ ಆಡುವವರಿಗೆ ನಾನು ತಂತಿರಹಿತವನ್ನೇ ಹೇಳುತ್ತೇನೆ, ಸೆಂಟರಿಗೆ ಎಂದೂ ಹೇಳುವುದಿಲ್ಲ.

ಪಟ್ಟಿಯಿಂದ ತಕ್ಷಣ ಹೊಡೆದುಹಾಕುವ ದೋಷಗಳು ಇನ್ನೆರಡಿವೆ. ಬದಿಯಲ್ಲಿ ಮೃದು ರಬ್ಬರಿನ ಲೇಪವಿರುವ ಮೌಸು ಹೊಸದರಲ್ಲಿ ಕೈಗೆ ಹಿತ, ಎರಡು ಬೇಸಿಗೆ ಕಳೆದರೆ ಬೆಲ್ಲದ ಪಾಕ ಮೆತ್ತಿದಂತೆ ಅಂಟುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಉಜ್ಜಿ ಪೂರ್ತಿ ಕೆರೆದು ತೆಗೆಯುವುದೊಂದೇ ದಾರಿ. ಇನ್ನೊಂದು, ಒಳಗೇ ನೆನಪಿನ ಚಿಪ್ಪಿಲ್ಲದ ಮೌಸು. ನಮ್ಮ ಸಿಸ್ಟಮ್ಮುಗಳು ರೀಸ್ಟಾರ್ಟ್ ಆದಾಗಲೆಲ್ಲ ಮೂಲ ಸ್ಥಿತಿಗೆ ಮರಳುತ್ತವೆ. ಡಿಪಿಐಯನ್ನು ತಂತ್ರಾಂಶದಲ್ಲಿ ಮಾತ್ರ ಇಟ್ಟುಕೊಳ್ಳುವ ಮೌಸಿಗೆ ಪ್ರತಿ ಕರೆಂಟು ಹೋದ ಮೇಲೂ ನಾನೇ ಹೋಗಿ ಹೊಂದಿಸಬೇಕಾಗುತ್ತದೆ, ಮತ್ತು ಮಂಡ್ಯದಲ್ಲಿ ಬೇಸಿಗೆಯ ಕರೆಂಟಿನ ಬಗ್ಗೆ ನಾನು ಹೆಚ್ಚು ವಿವರಿಸಬೇಕಾಗಿಲ್ಲ.

ಬೆಳಕಿನ ಕಿರಣದಿಂದ ಕ್ಲಿಕ್ ಗುರುತಿಸುವ ಆಪ್ಟಿಕಲ್ ಸ್ವಿಚ್ಚಿನ ಮೌಸುಗಳೇ ಬಂದಿರುವಾಗ ಈ ಬೆಸುಗೆಯ ಗೋಜೇಕೆ ಎಂದು ಕೇಳುವವರಿದ್ದಾರೆ. 2019ರಲ್ಲಿ ರೇಜರ್ ವೈಪರ್ ಬಂದಾಗಿನಿಂದ ನಾನೂ ಅವುಗಳನ್ನು ಗಮನಿಸುತ್ತಿದ್ದೇನೆ. ಲೋಹದ ಸಂಪರ್ಕವೇ ಇಲ್ಲದ್ದರಿಂದ ಲೋಹ ಪುಟಿದು ಆಗುವ ಡಬಲ್ ಕ್ಲಿಕ್ ಅವುಗಳಲ್ಲಿ ಬರುವಂತಿಲ್ಲ. ಮಳೆಗಾಲದ ದೃಷ್ಟಿಯಿಂದ ಇದು ದೊಡ್ಡ ಗುಣ. ಆದರೆ ಆ ಸ್ವಿಚ್ಚು ಎಲ್ಲ ಕಡೆ ಸಿಗುವ ಮೂರು ಕಾಲಿನದಲ್ಲ. ಬೇರೆ ಕಾರಣಕ್ಕೆ ಕೆಟ್ಟರೆ ನೂರು ರೂಪಾಯಿಯಲ್ಲಿ ಮುಗಿಯುವುದಿಲ್ಲ. 14ರಲ್ಲಿ ಎರಡು ಸಿಸ್ಟಮ್ಮಿಗೆ ಮಾತ್ರ ಹಾಕಿ ಇನ್ನೊಂದು ಮಳೆಗಾಲ ನೋಡೋಣವೆಂದು ತೀರ್ಮಾನಿಸಿದ್ದೇನೆ. 8,000 ಹರ್ಟ್ಸ್ ಪೋಲಿಂಗ್‌ನ ಮೌಸೊಂದೂ ಮೇಜಿನ ಮೇಲಿದೆ. 125ರಿಂದ 1,000 ಹರ್ಟ್ಸಿಗೆ ಏರಿದಾಗ ಅಂತರ 8 ಮಿಲಿಸೆಕೆಂಡಿನಿಂದ ಒಂದಕ್ಕೆ ಇಳಿಯುವುದು ಕೈಗೆ ತಿಳಿಯುತ್ತದೆ, ಒಂದರಿಂದ 0.125ಕ್ಕೆ ಇಳಿದದ್ದನ್ನು ಟೇಪು ಹಚ್ಚಿದಾಗ ಮೂವರಲ್ಲಿ ಯಾರೂ ಹೇಳಲಾಗಲಿಲ್ಲ, ಬದಲಿಗೆ ನನ್ನ ಹಳೆಯ ನಾಲ್ಕು ಕೋರಿನ ಸಿಸ್ಟಮ್ಮಿನಲ್ಲಿ ಕೈ ಬೀಸಿದಾಗಲೆಲ್ಲ ಆಟದ ಫ್ರೇಮುಗಳು ಇಳಿದವು. ಅದನ್ನು 1,000ಕ್ಕೆ ಇಳಿಸಿ ಒಂಬತ್ತನೆಯ ಸಿಸ್ಟಮ್ಮಿಗೆ ಹಾಕಿದ್ದೇನೆ, ಆಕಾರ ಚೆನ್ನಾಗಿದೆ.